ಹಿತ್ತಲದಾಗ ಹುಂಜ, ಕೋಳಿ ಕೂಡಿ ಸಾಕಿದಾಗ ಏನರ ಹದಗೆಟ್ರ ಹೆಂಗ ಪತ್ತೆ ಹಚ್ಚೋದು

ನಮ್ಮ ಕಡೆ ಕೊಪ್ಪಳ, ಗಂಗಾವತಿ, ಸಿಂಧನೂರು, ಸಿರುಗುಪ್ಪ ಎಲ್ಲಿ ನೋಡಿದ್ರೂ ಹಿತ್ತಲದಾಗ ಹತ್ತು ಹನ್ನೆರಡು ಕೋಳಿ, ಜೋಡಿಗೆ ಎರಡೋ ಮೂರೋ ಹುಂಜ ಇರ್ತಾವ. ಕೋಳಿ ಪುಕ್ಕ ಹೋದ್ರ ಹುಂಜದ ಮ್ಯಾಲ ತಪ್ಪು, ತತ್ತಿ ಮರಿ ಆಗಲಿಲ್ಲಂದ್ರೂ ಹುಂಜದ ಮ್ಯಾಲ ತಪ್ಪು, ಕೋಳಿ ಸೊರಗಿದ್ರೂ ಅದ, ಬರೋ ಐತಾರ ಹುಂಜ ಗಡಿಗ್ಯಾಗ ಬೀಳ್ತೈತಿ, ಆಮ್ಯಾಲ ನೋಡಿದ್ರ ತೊಂದ್ರಿ ಹಂಗ ಐತಿ. ಹುಂಜದ ತಪ್ಪು ಇರೋದಿಲ್ಲ ಅಂತ ನಾ ಹೇಳವಲ್ಲೆ, ಎಷ್ಟೋ ಸಲ ಇರ್ತೈತಿ. ಆದ್ರ ಹೇನು, ಬಿಸಲು, ಇಕ್ಕಟ್ಟು, ಲೆಕ್ಕ ತಪ್ಪಿದ್ದು ಇವೆಲ್ಲಾ ಹೊರಗಿಂದ ನೋಡಿದ್ರ ಹುಂಜದ ಕಾಟದಂಗ ಕಾಣ್ತಾವ. ಅದಕ್ಕ ನಿಮ್ಮ ಕಣ್ಣಿಗೆ ಏನು ಕಾಣ್ತೈತಿ ಅದನ್ನ ಹಿಡ್ಕೊಂಡು, ರೊಕ್ಕ ಖರ್ಚಿಲ್ಲದ ಪರೀಕ್ಷೆ ಮೊದ್ಲ ಮಾಡ್ರಿ.

ಎಲ್ಲಾಕ್ಕಿಂತ ಮೊದ್ಲ ಎಣಿಸ್ರಿ. ಒಂದು ಹುಂಜಕ್ಕ ಎಂಟರಿಂದ ಹತ್ತು ಕೋಳಿ ಇರಬೇಕು. ಆರು ಕೋಳಿಗೆ ಮೂರು ಹುಂಜ ಇದ್ರ ಕೆಳಗ ಬರ್ದಿದ್ದರಾಗ ಅರ್ಧ ತೊಂದ್ರಿ ಅಲ್ಲೇ ಸಿಕ್ಕಂಗ. ಇನ್ನೊಂದು ಏನಂದ್ರ ಬರೇ ತಿನ್ನಾಕ ತತ್ತಿ ಬೇಕಂದ್ರ ಹುಂಜನ ಬೇಕಾಗಿಲ್ಲ, ಹುಂಜ ಇಲ್ದನೂ ಕೋಳಿ ತತ್ತಿ ಇಡ್ತೈತಿ. ಮರಿ ಬೇಕು, ಇಲ್ಲಾ ಹದ್ದು ಬೆಕ್ಕು ಬಂದ್ರ ಕೂಗಿ ಎಚ್ಚರಸಾಕ ಒಂದು ಬೇಕು ಅನ್ನೋರು ಮಾತ್ರ ಹುಂಜ ಇಟ್ಕೊಂಡ್ರ ಸಾಕು.

ಕೋಳಿ ಬೆನ್ನ ಮ್ಯಾಲಿನ ಪುಕ್ಕ ಹೋಗಿ ಚರ್ಮ ಕಾಣಾಕತೈತಿ

ಇದು ಎಲ್ಲಾರೂ ಕೇಳೋ ಮಾತು. ಇಲ್ಲಿ ಪುಕ್ಕ ಎಲ್ಲಿ ಹೋಗೇತಿ ಅನ್ನೋದೇ ಉತ್ತರ, ಅದಕ್ಕ ಕೋಳಿನ ಕೈಯಾಗ ಹಿಡಿದು ನೋಡ್ರಿ, ದೂರದಿಂದ ನೋಡಿ ಹೇಳಾಕ ಆಗಂಗಿಲ್ಲ.

ಬೆನ್ನು, ರೆಕ್ಕಿ ಬುಡದ ಎರಡೂ ಕಡೆ, ತಲಿ ಹಿಂದ, ಈ ಮೂರು ಜಾಗದಾಗ ಹೋಗಿದ್ರ ಅದು ಹುಂಜದ್ದ. ಹುಂಜ ಮ್ಯಾಲ ಏರುವಾಗ ಕೊಕ್ಕಿಲೆ ತಲಿ ಹಿಂದಿನ ಪುಕ್ಕ ಹಿಡಿತೈತಿ, ಕಾಲಿಲೆ ಬೆನ್ನು ತುಳಿತೈತಿ, ಹಿಂಗಾಗಿ ಅಲ್ಲೇ ಸವಿತೈತಿ. ಹೊಟ್ಟಿ ಕೆಳಗ, ಹಿಂದಿನ ದ್ವಾರದ ಸುತ್ತ ಹೋಗಿದ್ರ ಹೇನು ಇರಬಹುದು. ಎದಿ, ಹೊಟ್ಟಿ ಪುಕ್ಕ ಮಾತ್ರ ಹೋಗಿ ಕೋಳಿ ಕಾವಿಗೆ ಕೂತಿದ್ರ ಅದು ತಾನ ಕಿತ್ಕೊಂಡಿರ್ತೈತಿ, ತತ್ತಿಗೆ ಮೈ ಬಿಸಿ ತಾಗ್ಲಿ ಅಂತ, ಅದಕ್ಕ ಏನೂ ಮಾಡೋದು ಬ್ಯಾಡ. ಬಾಲದ ಬುಡದಾಗ ಹೋಗಿ ರಕ್ತ ಕಂಡ್ರ ಬ್ಯಾರೆ ಕೋಳಿಗೋಳು ಕುಕ್ಕಾಕತಾವ ಅಂತ ಅರ್ಥ, ಜಾಗ ಇಕ್ಕಟ್ಟಾಗಿರ್ತೈತಿ ಇಲ್ಲಾ ಬರೇ ನುಚ್ಚು, ಜೋಳ ಹಾಕಿ ಹಾಕಿ ಮೈಗೆ ಪ್ರೋಟೀನ್ ಸಾಲದಂಗ ಆಗಿರ್ತೈತಿ. ತಲಿ, ಕುತ್ತಿಗಿಯಿಂದ ಶುರುವಾಗಿ ಮೈಯೆಲ್ಲಾ ಉದುರಿ, ಚರ್ಮದಾಗ ಹೊಸ ಪುಕ್ಕದ ಮುಳ್ಳು ಏಳಾಕತಿದ್ರ ಅದು ಪುಕ್ಕ ಬಿಡೋ ಕಾಲ, ಆಗ ತತ್ತಿನೂ ನಿಲ್ತಾವ, ತಾನ ಸರಿ ಹೋಗ್ತೈತಿ.

ಎರಡ್ನೇದು, ಎಷ್ಟು ಕೋಳಿಗೆ ಆಗೇತಿ ನೋಡ್ರಿ. ಒಂದೆರಡಕ್ಕ ಮಾತ್ರ ಬೆನ್ನು ಬೋಳಾಗಿದ್ರ ಅವು ಹುಂಜಕ್ಕ ಬಾಳ ಮೆಚ್ಚಿನ ಕೋಳಿ, ಇಲ್ಲಾ ಬಾಳ ಮೆತ್ತಗ ಇದ್ದು ತಪ್ಪಿಸ್ಕೊಳ್ದವು. ಎಲ್ಲಾಕ್ಕೂ ಆಗಿದ್ರ ಹುಂಜ ಜಾಸ್ತಿ ಆಗ್ಯಾವ. ಹುಂಜದ ಮೈಮ್ಯಾಲೂ ಪುಕ್ಕ ಹೋಗಿದ್ರ ಅದು ಬರೇ ಹುಂಜದ ಕಾಟ ಅಲ್ಲದಿರಬಹುದು, ಮೊದ್ಲ ಹೇನು ಹುಡುಕ್ರಿ.

ಹೇನು ಹುಡುಕಾಕ ರಾತ್ರಿ ಟಾರ್ಚ್ ತಗೊಂಡು ಹೋಗ್ರಿ. ಕತ್ತಲದಾಗ ಕೋಳಿ, ಹುಂಜ ಎರಡೂ ಸುಮ್ನ ಕೂತಿರ್ತಾವ, ಹಿಡಿಯೋದು ಸಲೀಸು. ಹಿಂದಿನ ದ್ವಾರದ ಕೆಳಗಿನ ಪುಕ್ಕ ಬಿಡಿಸಿ ನೋಡ್ರಿ, ಹಳದಿ ಬಣ್ಣದ ಸಣ್ಣ ಹುಳ ಓಡ್ಯಾಡ್ತಿದ್ರ, ಪುಕ್ಕದ ಬುಡಕ್ಕ ಬಿಳಿ ಗಂಟು ಗಂಟಾಗಿ ಮೊಟ್ಟಿ ಅಂಟಿದ್ರ ಅದು ಹೇನು. ಕೋಳಿ ಮೈಯಾಗ ಏನೂ ಸಿಗದಿದ್ರೂ ಅವು ಕೂಡ್ರೋ ಕಟಿಗಿ ಸಂದಿಯಾಗ ಬಿಳಿ ಬಟ್ಟಿ ಉಜ್ಜಿ ನೋಡ್ರಿ, ಬಟ್ಟಿಗೆ ಕೆಂಪ ರಕ್ತದ ಕಲಿ ಹತ್ತಿದ್ರ ಅಲ್ಲಿ ಕೆಂಪು ನುಸಿ ಐತಿ. ಇದು ಹಗಲ ಹೊತ್ತು ಕಟಿಗಿಯಾಗ ಅಡಗಿ ರಾತ್ರಿ ಬಂದು ರಕ್ತ ಹೀರ್ತೈತಿ, ಹಗಲು ನೋಡಿದ್ರ ಗೊತ್ತ ಆಗಂಗಿಲ್ಲ, ಜುಟ್ಟು ಬೆಳ್ಳಗಾಗಿ ಕೋಳಿ ಸೊರಗ್ತೈತಿ. ಹಳೇ ಹುಲ್ಲು ತೆಗದು ಸುಟ್ಟು ಬಿಡ್ರಿ, ಗೂಡಿಗೆ ಸುಣ್ಣ ಹಚ್ರಿ, ಒಣ ಮಣ್ಣಿನಾಗ ಒಲಿ ಬೂದಿ ಕಲಿಸಿ ಒಂದು ಮೂಲಿಗೆ ಹಾಕ್ರಿ, ತಾವ ಹೊರಳ್ಯಾಡ್ತಾವ. ಅಷ್ಟಕ್ಕ ಹೋಗಲಿಲ್ಲಂದ್ರ ಪಶು ಆಸ್ಪತ್ರ್ಯಾಗ ಕೋಳಿಗಂತ ಕೊಡೋ ಔಷಧಿ ತಗೊಳ್ರಿ, ಎಷ್ಟು ಹಾಕಬೇಕು, ಎಷ್ಟು ದಿನ ತತ್ತಿ ತಿನ್ನಬಾರ್ದು ಅನ್ನೋದನ್ನ ಅಲ್ಲೇ ಕೇಳ್ರಿ.

ಇಲ್ಲಿ ಒಂದು ಮಾತು ಜೋರಾಗೇ ಹೇಳ್ತೀನಿ. ನಮ್ಮ ಕಡೆ ಹತ್ತಿ, ಭತ್ತ, ಮೆಣಸಿನಕಾಯಿ ಬೆಳಿಯೋ ಮನ್ಯಾಗೆಲ್ಲಾ ಹೊಲಕ್ಕ ಹೊಡಿಯೋ ಎಣ್ಣಿ ಅರ್ಧ ಬಾಟಲಿ ಉಳಿದಿರ್ತೈತಿ. ಅದನ್ನ ನೀರಿಗೆ ಹಾಕಿ ಕೋಳಿಗೆ ಹೊಡಿಬ್ಯಾಡ್ರಿ. ಕೋಳಿ ಸಾಯ್ತಾವ, ಬದುಕಿದ್ರೂ ಆ ವಿಷ ತತ್ತಿ ಒಳಗ ಹೋಗ್ತೈತಿ, ಆ ತತ್ತಿ ತಿನ್ನೋರು ನಿಮ್ಮ ಮಕ್ಕಳು.

ಹುಂಜದ್ದ ತೊಂದ್ರಿ ಅಂತ ಖಾತ್ರಿ ಆತು ಅನ್ರಿ. ಮೊದ್ಲ ಹೆಚ್ಚಿನ ಹುಂಜಗಳನ್ನ ಬ್ಯಾರೆ ಮಾಡ್ರಿ. ಒಂದೇ ಹುಂಜ ಇದ್ದು ಅದ ಕಾಟ ಕೊಡ್ತಿದ್ರ ಎರಡು ವಾರ ಅದನ್ನ ಬ್ಯಾರೆ ಕಡೆ ಇಟ್ಟು ನೋಡ್ರಿ, ಹೊಸ ಗಾಯ ಆಗೋದು ನಿಂತ್ರ ಹುಂಜದ್ದ, ನಿಲ್ಲಲಿಲ್ಲಂದ್ರ ಬ್ಯಾರೆ ಕಾರಣ ಐತಿ. ಪುಕ್ಕ ಮಾತ್ರ ಎರಡು ವಾರದಾಗ ಬರ್ತಾವಂತ ಕಾಯಬ್ಯಾಡ್ರಿ. ಮುರಿದ ಪುಕ್ಕದ ಬುಡ ಚರ್ಮದಾಗ ಉಳಿದಿದ್ರ ಮುಂದಿನ ಸಲ ಪುಕ್ಕ ಬಿಡೋತನಕ ಅಲ್ಲಿ ಹೊಸದು ಬರಂಗಿಲ್ಲ. ಹುಂಜದ ಕಾಲಿನ ಹಿಂದಿನ ಮುಳ್ಳು ಚೂಪಾಗಿದ್ರ ಉಗುರು ಕತ್ತರಿಸೋದ್ರಿಂದ ತುದಿ ಅಷ್ಟ ಕತ್ತರಿಸಿ ಅರದಿಂದ ತಿಕ್ಕಿ ಮೊಂಡ ಮಾಡ್ರಿ, ಬುಡದ ಕಡೆ ಒಳಗ ರಕ್ತ ಇರ್ತೈತಿ, ಆಳಕ್ಕ ಹೋಗಬ್ಯಾಡ್ರಿ. ರಕ್ತ ಬಂದ್ರ ಅರಿಶಿಣಪುಡಿ ಒತ್ತಿ ಹಿಡೀರಿ. ಬೋಳಾದ ಕೋಳಿಗೆ ಹಳೇ ದಪ್ಪ ಬಟ್ಟಿಯಾಗ ಬೆನ್ನು ಮುಚ್ಚೋ ಹಂಗ ಒಂದು ತುಂಡು ಹೊಲಿದು ರೆಕ್ಕಿ ಬುಡಕ್ಕ ಇಲಾಸ್ಟಿಕ್ ಹಾಕಿ ಕಟ್ಟಬಹುದು, ಆದ್ರ ಬ್ಯಾಸಗಿಯಾಗ ಬ್ಯಾಡ, ಅದರ ಕೆಳಗ ಹೇನೂ ಜಾಸ್ತಿ ಆಗ್ತಾವ, ವಾರಕ್ಕೊಮ್ಮೆ ಬಿಚ್ಚಿ ನೋಡ್ರಿ.

ಇನ್ನೊಂದು ಕಾರಣ ಬಾಳ ಮಂದಿ ಲಕ್ಷ್ಯ ಕೊಡಂಗಿಲ್ಲ. ಗಿರಿರಾಜ ಹುಂಜ ತಂದು ಜವಾರಿ ಕೋಳಿ ಜೋಡಿ ಬಿಡ್ತಾರ, ಮರಿ ದಪ್ಪ ಬರ್ಲಿ ಅಂತ. ಹುಂಜ ಮೂರು ನಾಲ್ಕು ಕೆಜಿ ತೂಗ್ತೈತಿ, ಜವಾರಿ ಕೋಳಿ ಒಂದು ಒಂದೂವರಿ ಕೆಜಿ, ಆ ಭಾರ ಅದು ಹೆಂಗ ತಡಿಬೇಕು? ಅಲ್ಲಿ ಹುಂಜದ ಗುಣ ಕೆಟ್ಟದ್ದಲ್ಲ, ಜೋಡಿ ತಪ್ಪು.

ಎಲ್ಲಿ ನಿಂತು ಡಾಕ್ಟ್ರ ಹತ್ರ ಹೋಗಬೇಕಂದ್ರ, ಕೋಳಿ ರೆಕ್ಕಿ ಎತ್ತಿ ಪಕ್ಕೆಲುಬಿನ ಕಡೆ ನೋಡ್ರಿ, ಹುಂಜದ ಮುಳ್ಳು ಅಲ್ಲೇ ಸೀಳೋದು, ಮ್ಯಾಲಿಂದ ಕಾಣಂಗಿಲ್ಲ. ಚರ್ಮ ಸೀಳಿ ಒಳಗಿನ ಮಾಂಸ ಕಂಡ್ರ, ಇಲ್ಲಾ ಗಾಯ ನಾತ ಹೊಡದು ಹುಳ ಬಿದ್ದಿದ್ರ ಮನಿ ಔಷಧಿ ಸಾಕಾಗಂಗಿಲ್ಲ. ಸಣ್ಣ ತರಚು ಗಾಯ ಆದ್ರ ಉಪ್ಪು ನೀರಿಲೆ ತೊಳದು ಅಯೋಡಿನ್ ಮುಲಾಮು ಹಚ್ಚಿ ಒಣಗೋತನಕ ಬ್ಯಾರೆ ಇಡ್ರಿ, ಕೆಂಪು ಕಂಡ್ರ ಉಳಿದ ಕೋಳಿ ಕುಕ್ಕಿ ಕುಕ್ಕಿ ದೊಡ್ಡದ ಮಾಡ್ತಾವ.

ತತ್ತಿ ಕಾವಿಗೆ ಇಟ್ರ ಮರಿ ಆಗವಲ್ವು

ಹುಂಜ ಐತಿ, ಏರೋದೂ ಕಾಣ್ತೈತಿ, ಆದ್ರ ಹನ್ನೆರಡು ತತ್ತಿ ಇಟ್ರ ಮೂರು ಮರಿ. ಹುಂಜ ಬೀಜ ಇಲ್ಲದ್ದು ಅಂತ ಕೊಯ್ಯೋ ಮೊದ್ಲ ಒಂದು ತತ್ತಿ ಒಡದು ತಟ್ಟಿಗೆ ಹಾಕ್ರಿ. ಹಳದಿ ಮ್ಯಾಲ ಒಂದು ಬಿಳಿ ಚುಕ್ಕಿ ಇದ್ದೇ ಇರ್ತೈತಿ. ಅದು ಸುತ್ತ ಉಂಗುರದಂಗ ದುಂಡಗ, ನಡುವ ತಿಳಿಯಾಗಿ ಕಂಡ್ರ ಹುಂಜದ ಬೀಜ ಕೂಡೇತಿ. ಬರೇ ಸಣ್ಣ, ಗಟ್ಟಿ ಬಿಳಿ, ಅಂಚು ಓರೆಕೋರೆ ಇದ್ರ ಕೂಡಿಲ್ಲ. ಒಂದು ನೋಡಿ ಹೇಳಬ್ಯಾಡ್ರಿ, ಬ್ಯಾರೆ ಬ್ಯಾರೆ ಕೋಳಿದು ನಾಕೈದು ನೋಡ್ರಿ, ಅವನ್ನ ಪಲ್ಯ ಮಾಡ್ಕೊಂಡು ತಿನ್ನಬಹುದು, ಏನೂ ಲುಕ್ಸಾನಿಲ್ಲ.

ಈಗಾಗ್ಲೇ ಕಾವಿಗೆ ಇಟ್ಟಿದ್ರ ಏಳ್ನೇ ದಿನ ರಾತ್ರಿ ಕತ್ತಲ ಕೋಣ್ಯಾಗ ಮೊಬೈಲ್ ಟಾರ್ಚ್ ತತ್ತಿಯ ಅಗಲ ಬದಿಗೆ ಹಿಡೀರಿ. ನಡುವ ಕಪ್ಪು ಚುಕ್ಕಿ, ಸುತ್ತ ಕೆಂಪು ನರ ಹರಡಿದ್ರ ಮರಿ ಬೆಳ್ಯಾಕತೈತಿ. ಪೂರ್ತಿ ತಿಳಿಯಾಗಿದ್ರ ಬೀಜ ಇಲ್ಲ, ಇಲ್ಲಾ ಬಾಳ ಮೊದ್ಲೇ ಸತ್ತೈತಿ. ಒಂದು ಕೆಂಪು ಉಂಗುರ ಅಷ್ಟ ಕಂಡ್ರ ಶುರುವಾಗಿ ಸತ್ತೈತಿ, ಅಂದ್ರ ಹುಂಜ ತನ್ನ ಕೆಲ್ಸ ಮಾಡೇತಿ, ತೊಂದ್ರಿ ಆಮ್ಯಾಲ ಆಗೇತಿ.

ಈ ಉಂಗುರ ನಮ್ಮ ಕಡೆ ಬಾಳ. ಕಾರಣ ಬಿಸಲು. ರಾಯಚೂರು, ಬಳ್ಳಾರಿಯಾಗ ಏಪ್ರಿಲ್, ಮೇ ಅಂದ್ರ 40 ಡಿಗ್ರಿ ದಾಟ್ತೈತಿ, ತಗಡಿನ ಮನಿ ಒಳಗ ಕೇಳೋದ ಬ್ಯಾಡ. ಆ ಸೆಕಿಯಾಗ ಬುಟ್ಟ್ಯಾಗ ಹತ್ತು ಹದಿನೈದು ದಿನ ತತ್ತಿ ಕೂಡಿಹಾಕಿದ್ರ ಕಾವಿಗೆ ಕೂಡ್ರೋ ಮೊದ್ಲೇ ಮರಿ ಅರೆಬರೆ ಬೆಳಿಯಾಕ ಶುರುವಾಗಿ ಸಾಯ್ತೈತಿ. ಚಳಿಗಾಲದಾಗ ಒಂದು ವಾರದ ಒಳಗಿನವು, ಬ್ಯಾಸಗಿಯಾಗ ಮೂರು ನಾಲ್ಕು ದಿನದ ಒಳಗಿನವು ಅಷ್ಟ ಇಡ್ರಿ. ಹಸಿ ಉಸುಕಿನ ಮ್ಯಾಲ ಗಡಿಗಿ ಇಟ್ಟು ಅದರಾಗ ತತ್ತಿ ಇಟ್ರ ತಂಪಿರ್ತಾವ. ಅಗಲ ಬದಿ ಮ್ಯಾಲ ಇರ್ಲಿ, ತೊಳಿಬ್ಯಾಡ್ರಿ.

ನಾಕೈದು ತತ್ತಿ ಒಡದ್ರೂ ಒಂದ್ರಾಗೂ ಬೀಜ ಕೂಡಿಲ್ಲ ಅಂದ್ರ ಆಗ ಹುಂಜದ ಕಡೆ ಬರ್ರಿ. ಎಳೇದಾ? ಆರೇಳು ತಿಂಗಳಾಗೋತನಕ ಭರವಸಿ ಇಡಬ್ಯಾಡ್ರಿ. ಮುದಿ ಆಗೇತಾ? ಮೂರು ವರ್ಷದ ಮ್ಯಾಲ ಬೀಜ ಕಮ್ಮಿ ಆಗ್ತಾ ಹೋಗ್ತೈತಿ. ಕುಂಟ್ತೈತಾ, ಕಾಲಿಗೆ ಗಾಯ ಐತಾ, ಮುಳ್ಳು ಬಾಳ ಉದ್ದಾಗಿ ನೆಟ್ಟಗ ನಿಲ್ಲಾಕ ಬರವಲ್ದಾ, ಅಂಥಾದ್ದು ಏರಿದ್ರೂ ಕೆಲ್ಸ ಆಗಂಗಿಲ್ಲ. ಹುಂಜ ಎರಡು ಮೂರು ಇದ್ರ ಒಂದನ್ನೊಂದು ಓಡ್ಸೋದ್ರಾಗೇ ಹೊತ್ತು ಹೋಗ್ತೈತಿ, ಹುಂಜ ಜಾಸ್ತಿ ಇದ್ರ ಮರಿ ಜಾಸ್ತಿ ಅನ್ನೋದು ಸುಳ್ಳು. ಬಿಸಲಿಗೆ ಹುಂಜದ ಬೀಜನೂ ಕೆಡ್ತೈತಿ, ಸೆಕಿ ಇಳಿದ ಮ್ಯಾಲ ಕೆಲವು ವಾರದಾಗ ಮತ್ತ ಸರಿಹೋಗ್ತೈತಿ, ಹಿಂಗಾಗಿ ಮೇ ತಿಂಗಳದಾಗ ಮರಿ ಆಗಲಿಲ್ಲಂತ ಒಳ್ಳೇ ಹುಂಜ ಕಳ್ಕೋಬ್ಯಾಡ್ರಿ, ಮಳಿ ಬಿದ್ದ ಮ್ಯಾಲ ಇನ್ನೊಮ್ಮೆ ಒಡದು ನೋಡ್ರಿ.

ಹುಂಜ ಬದಲಿ ಮಾಡಿದ್ರ ಲೆಕ್ಕ ನೆನಪಿಡ್ರಿ. ಕೋಳಿ ಮೈಯಾಗ ಹಳೇ ಹುಂಜದ ಬೀಜ ಎರಡು ವಾರ, ಕೆಲವಕ್ಕ ಮೂರು ವಾರತನಕ ಉಳಿತೈತಿ, ಅದಕ್ಕ ಹೊಸ ಹುಂಜದ್ದ ಮರಿ ಬೇಕಂದ್ರ ಮೂರು ವಾರ ಬಿಟ್ಟು ತತ್ತಿ ಕೂಡಿಸ್ರಿ. ಅದೇ ಮನಿ ಹುಂಜ ಅದೇ ಮನಿ ಯಾಟೆಗೋಳು ಅಂತ ವರ್ಷಗಟ್ಟಲೆ ನಡದ್ರ ಬೀಜ ಕೂಡಿದ್ರೂ ಮರಿ ತತ್ತಿಯಾಗ ಸಾಯ್ತಾವ, ಎರಡು ವರ್ಷಕ್ಕೊಮ್ಮೆ ಬ್ಯಾರೆ ಊರವ್ರ ಜೋಡಿ ಹುಂಜ ಅದಲಿ ಬದಲಿ ಮಾಡ್ಕೊಳ್ರಿ. ಗಿರಿರಾಜ ಕೋಳಿ ಕಾವಿಗೆ ಕೂಡ್ರಂಗಿಲ್ಲ, ಅದರ ತತ್ತಿ ಜವಾರಿ ಕೋಳಿ ಕೆಳಗ ಇಡಬೇಕು, 21 ದಿನಕ್ಕ ಎರಡೂ ಒಡಿತಾವ.

ಹುಂಜ ಹುಂಜ ರಕ್ತ ಬರೋತನಕ ಬಡದಾಡ್ತಾವ

ಒಂದೇ ಕೋಳಿ ಕೆಳಗ ಹುಟ್ಟಿ ಕೂಡಿ ಬೆಳದ್ವು ಐದಾರು ತಿಂಗಳಿಗೆ ಒಮ್ಮಿಂದೊಮ್ಮೆಲೆ ಶುರು ಮಾಡ್ತಾವ. ಎದಿ ಉಬ್ಬಿಸಿ, ಕುತ್ತಿಗಿ ಪುಕ್ಕ ನಿಗರಿಸಿ ಎರಡು ಏಟು ಹಾಕಿ ಒಂದು ಓಡಿ ಹೋದ್ರ ಬಿಟ್ಟುಬಿಡ್ರಿ, ಯಾರು ದೊಡ್ಡವ್ರು ಅಂತ ತೀರ್ಮಾನ ಆಗಬೇಕಲ್ಲ. ಆದ್ರ ಸೋತಿದ್ದನ್ನ ಗೆದ್ದಿದ್ದು ಬೆನ್ನತ್ತಿ ಹೊಡಿತಿದ್ರ, ಅದಕ್ಕ ಕಾಳಿಗೂ ನೀರಿಗೂ ಬಿಡದಿದ್ರ, ಇಲ್ಲಾ ಕಣ್ಣಿಗೆ ಏಟು ಬಿದ್ರ ಅವತ್ತೇ ಬ್ಯಾರೆ ಮಾಡ್ರಿ. ಬಿಡಸಾಕ ಕೈ ಹಾಕಬ್ಯಾಡ್ರಿ, ನಡುವ ಹಲಿಗಿ ಹಿಡೀರಿ ಇಲ್ಲಾ ಒಂದ್ರ ಮ್ಯಾಲ ಬುಟ್ಟಿ ಕವಚ್ರಿ.

ಖರ್ಚಿಲ್ಲದ ಉಪಾಯ ಅಂದ್ರ ಕಾಳು, ನೀರು ಎರಡು ಮೂರು ಕಡೆ ಇಡೋದು, ಹಿತ್ತಲದಾಗ ತೊಗರಿ ಕಟಿಗಿ ಹತ್ತಿ ಕಟಿಗಿ ಅಡ್ಡ ನಿಲ್ಸಿ ಒಂದಕ್ಕೊಂದು ಕಾಣದಂಗ ಮರೆ ಮಾಡೋದು. ರಾತ್ರಿ ಗೂಡಿನಾಗ ಒಂದೊಂದಕ್ಕ ಎರಡು ಚದರ ಅಡಿಯಾದ್ರೂ ಜಾಗ ಇರ್ಲಿ. ಬರೇ ಹುಂಜಗಳನ್ನ ಕೋಳಿ ಕಾಣದ ಕಡೆ ಒಟ್ಟಿಗೆ ಇಟ್ರ ಬಾಳ ಸಲ ಜಗಳ ಇಲ್ದ ಇರ್ತಾವ, ಮಾರೋತನಕ ಹಂಗ ಇಡಬಹುದು. ಆಂಧ್ರದ ಕಡೆಯಿಂದ ಬರೋ ಅಸೀಲ್ ಜಾತಿ ಹುಂಜ ಎರಡು ಒಂದೇ ಕಡೆ ಇಡೋ ಆಸೆ ಬಿಡ್ರಿ, ಒಂದು ಸಾಯೋತನಕ ನಿಲ್ಲಂಗಿಲ್ಲ. ಮತ್ತ ಬಡದಾಡ್ತಾವಂತ ಸಂಕ್ರಾಂತಿ ಪಂದ್ಯಕ್ಕ ಬಿಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ, ಕಾಯ್ದೆ ಮಾತು ಬಿಟ್ರೂ ಮನ್ಯಾಗ ಕಾಳು ಹಾಕಿ ಬೆಳೆಸಿದ ಜೀವಕ್ಕ ಕತ್ತಿ ಕಟ್ಟೋದು ನನಗ ಒಪ್ಪೋ ಮಾತಲ್ಲ.

ಹುಂಜ ಮನಷ್ಯಾರ ಮ್ಯಾಲ ಬೀಳ್ತೈತಿ

ಯಾವಾಗ ಬೀಳ್ತೈತಿ ನೋಡ್ರಿ. ನೀವು ಕೋಳಿ ಹಿಡಿದಾಗ, ಅದು ಕಿರಚಿದಾಗ ಮಾತ್ರ ಬಂದ್ರ ಅದು ತನ್ನ ಗುಂಪು ಕಾಯಾಕತೈತಿ. ಕೋಳಿ ರಾತ್ರಿ ಹಿಡೀರಿ, ಅಷ್ಟಕ್ಕ ನಿಲ್ತೈತಿ. ಸುಮ್ನ ನಡಕೊಂಡು ಹೋಗೋರ ಹಿಂದ ಬಂದು ಒದ್ರ ಅದು ಬ್ಯಾರೆ. ಓಡಬ್ಯಾಡ್ರಿ, ಒದಿಬ್ಯಾಡ್ರಿ, ಓಡಿದ್ರ ತಾನು ಗೆದ್ದೆ ಅಂತ ತಿಳಿತೈತಿ, ಒದ್ರ ಜಗಳಕ್ಕ ಕರದ್ರು ಅಂತ ತಿಳಿತೈತಿ. ನಿಂತಲ್ಲೇ ನಿಂತು ಮೊರ, ಬುಟ್ಟಿ ಏನರ ಅಡ್ಡ ಹಿಡದು ಸಾವಕಾಶ ಅದನ್ನ ಹಿಂದಕ್ಕ ಸರಿಸ್ರಿ. ಎಳೇ ಹುಂಜ ಇದ್ರ ತಿಂಗಳೊಪ್ಪತ್ತಿನಾಗ ಸುಧಾರಿಸಬಹುದು.

ಆದ್ರ ಮನ್ಯಾಗ ಸಣ್ಣ ಮಕ್ಕಳಿದ್ರ ಸುಧಾರಿಸ್ತೈತಿ ಅಂತ ಕಾಯೋದು ಬ್ಯಾಡ. ಮೂರು ವರ್ಷದ ಕೂಸಿನ ಮುಖ ಹಾರಿ ಒದಿಯೋ ಹುಂಜದ ಕಾಲಿಗೆ ಸಮ ಬರ್ತೈತಿ, ಕಣ್ಣು ಹೋದ್ರ ತಿರುಗಿ ಬರಂಗಿಲ್ಲ. ಅಂಥಾ ಹುಂಜ ಬ್ಯಾರೆ ಮಾಡ್ರಿ, ಇಲ್ಲಾ ತೆಗದುಬಿಡ್ರಿ, ಅದರ ಮರಿನೂ ಮಾಡ್ಸಬ್ಯಾಡ್ರಿ, ಸಿಟ್ಟು ರಕ್ತದಾಗ ಇಳಿತೈತಿ. ಮುಳ್ಳು ಚುಚ್ಚಿದ್ರ ನಲ್ಲಿ ನೀರು, ಸಾಬೂನು ಹಾಕಿ ಚೊಲೋತಂಗ ತೊಳದು ಆರೋಗ್ಯ ಕೇಂದ್ರಕ್ಕ ಹೋಗಿ ಧನುರ್ವಾಯು ತಡಿಯೋ ಇಂಜೆಕ್ಷನ್ (ಮೊದ್ಲ ಟಿಟಿ, ಈಗ ಟಿಡಿ) ಕೇಳ್ರಿ. ಕಾಫಿಪುಡಿ, ಸುಣ್ಣ ಹಚ್ಚಬ್ಯಾಡ್ರಿ. ಕಣ್ಣಿಗೆ ತಾಗಿದ್ರ ಏನೂ ಹಾಕ್ದ, ತಿಕ್ಕದ ಸೀದಾ ದವಾಖಾನಿಗೆ ಹೋಗ್ರಿ.

ಕೋಳಿ ಕೆಳಗ ಇಳಿಯವಲ್ವು, ತತ್ತಿ ಕಮ್ಮಿ ಆಗ್ಯಾವ

ಕಾಳು ಹಾಕಿದ್ರೂ ಕಟ್ಟಿ ಮ್ಯಾಲ, ಗಿಡದ ಮ್ಯಾಲ ಕೂತು ಕೆಳಗ ಹುಂಜ ನೋಡ್ತಾ ಇದ್ರ ಹುಂಜಕ್ಕ ಹೆದರ್ಯಾವ. ಎಳೇ ಹುಂಜಕ್ಕ ಕುಣದು, ರೆಕ್ಕಿ ಇಳಿಬಿಟ್ಟು, ಕಾಳು ತೋರ್ಸಿ ಕರಿಯೋದು ಗೊತ್ತಿರಂಗಿಲ್ಲ, ಬೆನ್ನತ್ತಿ ಹಿಡಿತೈತಿ. ಸ್ವಲ್ಪ ದಿನ ಬ್ಯಾರೆ ಇಡ್ರಿ. ಇಳಿದು ಓಡ್ಯಾಡಾಕತ್ತೂ ತತ್ತಿ ಕಮ್ಮಿ ಇದ್ರ ಹುಂಜ ಬಿಟ್ಟು ಬ್ಯಾರೆ ಕಡೆ ನೋಡ್ರಿ, ಬೇಲ್ಯಾಗ ಕದ್ದು ಇಡಾಕತಿರಬಹುದು, ಕಾವಿನ ಗುಂಗಿನಾಗಿರಬಹುದು, ನೀರು ಸಾಲದಿರಬಹುದು. ತತ್ತಿ ಒಳಗ ರಕ್ತದ ಚುಕ್ಕಿ ಕಂಡ್ರ ಹುಂಜ ಏರಿದ್ದಕ್ಕ ಹಂಗಾತು ಅಂತಾರ, ಅಲ್ಲ. ಹಳದಿ ಬಿಡುಗಡೆ ಆಗುವಾಗ ಸಣ್ಣ ನರ ಒಡದು ಆಗೋದು, ಹುಂಜ ಇಲ್ಲದ ಕೋಳಿ ತತ್ತಿಯಾಗೂ ಇರ್ತೈತಿ.

ಹುಂಜ ಕೂಗವಲ್ದು, ಜಡ ಆಗೇತಿ

ಬ್ಯಾಸಗಿ ಮಧ್ಯಾಹ್ನ ಬಾಯಿ ತೆರದು ತೇಕ್ತಾ ರೆಕ್ಕಿ ಮೈಯಿಂದ ದೂರ ಹಿಡದು ನಿಂತಿದ್ರ ಸೆಕಿ ಬಡದೈತಿ. ನೆರಳಿಗೆ ತನ್ನಿ, ಜುಟ್ಟು ಕಾಲು ತಣ್ಣೀರಿಲೆ ತೋಯಿಸ್ರಿ, ಐಸ್ ನೀರಿನಾಗ ಮುಳುಗಿಸಬ್ಯಾಡ್ರಿ, ಕುಡಿಯಾಕ ಎಲೆಕ್ಟ್ರೋಲೈಟ್ ಪುಡಿ ಕಲಿಸಿದ ನೀರು ಇಡ್ರಿ. ಕಾಳು ಮುಂಜಾನಿ ಲಗೂನ, ಸಂಜಿ ತಂಪಿಗೆ ಹಾಕ್ರಿ. ತಗಡಿನ ಮ್ಯಾಲ ಸುಣ್ಣ ಬಳದು ಭತ್ತದ ಹುಲ್ಲೋ ಜೋಳದ ಕಣಕಿನೋ ಹೊದಸ್ರಿ. ಒಂದು ತಾಸಿನಾಗ ಚೇತರಿಸ್ಕೊಂಡ್ರ ಅದು ಸೆಕಿ ಅಷ್ಟ.

ಸಂಜಿ ತಂಪಾದ್ರೂ ಹಂಗ ಜೋಲು ಹೊಡದು ಕೂತಿದ್ರ, ಹಸರು ಹೇಲು, ಕುತ್ತಿಗಿ ತಿರುವೋದು, ಗೊರಗೊರ ಉಸಿರು, ಜುಟ್ಟು ನೀಲಿ ಕಪ್ಪಾಗೋದು, ಒಂದೇ ದಿನ ಎರಡು ಮೂರು ಸಾಯೋದು ಇವರಾಗ ಯಾವ್ದು ಕಂಡ್ರೂ ನಿಮ್ಮ ಪರೀಕ್ಷೆ ಅಲ್ಲಿಗೆ ಸಾಕು ಮಾಡ್ರಿ. ಕೊಕ್ಕರೆ ರೋಗ (ರಾಣಿಖೇತ್) ಇರಬಹುದು, ಹಕ್ಕಿ ಜ್ವರನೂ ಇರಬಹುದು, ಹೊರಗಿಂದ ನೋಡಿ ಎರಡನ್ನೂ ಬ್ಯಾರೆ ಮಾಡಿ ಹೇಳಾಕ ಆಗಂಗಿಲ್ಲ. 2025ರಾಗ ನಮ್ಮ ಸಂಡೂರು ತಾಲೂಕಿನ ಕುರೇಕುಪ್ಪದಾಗ ಹಕ್ಕಿ ಜ್ವರ ಬಂದಿತ್ತು, ಇದು ದೂರದ ಮಾತಲ್ಲ. ಸರ್ಕಾರದ ಪಶು ಸಹಾಯವಾಣಿ 1962ಕ್ಕ ಫೋನ್ ಮಾಡ್ರಿ, ಎಷ್ಟು ಕೋಳಿ, ಎಷ್ಟು ಸತ್ವು, ಯಾವಾಗಿಂದ, ಸಂತಿಯಿಂದ ಹೊಸಾವು ತಂದಿದ್ರಾ, ಲಸಿಕೆ ಹಾಕ್ಸಿದ್ರಾ ಅಂತ ಕೇಳ್ತಾರ, ಮೊದ್ಲ ಬರ್ದಿಟ್ಕೊಳ್ರಿ. ರೋಗದ ಕೋಳಿ ಕೊಯ್ದು ತಿನ್ನಬ್ಯಾಡ್ರಿ, ಸಂತಿಗೆ ಒಯ್ಯಬ್ಯಾಡ್ರಿ, ಸತ್ತಿದ್ದನ್ನ ಬರಿಗೈಲೆ ಮುಟ್ಟಬ್ಯಾಡ್ರಿ, ತುಂಗಭದ್ರಾ ಕಾಲುವ್ಯಾಗ ಎಸಿಬ್ಯಾಡ್ರಿ, ಕೆಳಗಿನ ಊರವ್ರು ಅದೇ ನೀರು ಕುಡಿತಾರ. ಡಾಕ್ಟ್ರು ಪರೀಕ್ಷೆಗೆ ಬೇಕು ಅನ್ನದಿದ್ರ ಆಳ ತೆಗ್ಗು ತೋಡಿ ಸುಣ್ಣ ಹಾಕಿ ಮುಚ್ರಿ, ನಾಯಿ ಕೆದರದಂಗ ಮ್ಯಾಲ ಕಲ್ಲು ಹೇರ್ರಿ.

ಕೊಕ್ಕರೆ ರೋಗಕ್ಕ ಲಸಿಕೆ ಐತಿ. ಮರಿ ಒಂದು ವಾರದ್ದಾಗೋದ್ರಾಗ ಲಸೋಟಾ ಹನಿ, ಎಂಟು ವಾರದ ಹೊತ್ತಿಗೆ ಆರ್‌ಟುಬಿ ಇಂಜೆಕ್ಷನ್. ರೋಗ ಬಂದ ಮ್ಯಾಲ ಹಾಕ್ಸಿದ್ರ ಉಪಯೋಗ ಇಲ್ಲ. ಹೊಸ ಹುಂಜ ತಂದ್ರ ಮೂರು ವಾರ ಬ್ಯಾರೆ ಕಡೆ, ಬ್ಯಾರೆ ನೀರಿನ ಬಟ್ಲ ಇಟ್ಟು ಸಾಕ್ರಿ, ದಿನಾ ಮನಿ ಕೋಳಿಗೆ ಮೊದ್ಲ ಕಾಳು ಹಾಕಿ ಆಮ್ಯಾಲ ಅದರ ಹತ್ರ ಹೋಗ್ರಿ, ಬಂದು ಕೈಕಾಲು ತೊಳಕೊಳ್ರಿ. ಮೂರು ವಾರ ಚೊಲೋ ಉಂಡು, ಕೂಗಿ, ಹೇಲು ಗಟ್ಟಿ ಇದ್ರ ಒಂದಿನ ರಾತ್ರಿ ಉಳಿದವು ಕೂತ ಮ್ಯಾಲ ಅದನ್ನೂ ಗೂಡಿನಾಗ ಕೂಡಸ್ರಿ, ಮರದಿನ ಬೆಳಕಾಗೋ ಮುಂದ ನೀವ ಎದ್ದು ಹಿತ್ತಲದಾಗ ನಿಂದರ್ರಿ, ಜಗಳ ಆದ್ರ ಬುಟ್ಟಿ ಕೈಯಾಗ ಇರ್ಲಿ.